ಬಸ್ ಸ್ಟ್ಯಾಂಡಿನ ಅಜ್ಜಿಯ ಬಗ್ಗೆ ನೀನು ಬರೆದದ್ದು

ಗುಬ್ಬಿ, ಸೋಮವಾರ

ಚಿ. ಸೌ. ಗೀತಾಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಶನಿವಾರ ಕೈಸೇರಿತು. ತಿಥಿ ಖರ್ಚಿನ ಲೆಕ್ಕ, ಬಳೆ ಸರದ ವಿಷಯ, ನಿಮ್ಮಪ್ಪ ಬಿಪಿ ಮಾತ್ರೆ ಸರಿಯಾಗಿ ತಗೊಳ್ತಿಲ್ಲ ಅನ್ನೋದು, ಎಲ್ಲ ಓದಿದೆ. ಅದಕ್ಕೆಲ್ಲ ಫೋನಿನಲ್ಲೇ ಹೇಳಿದರಾಯ್ತು. ಆಸ್ಪತ್ರೆಯ ದಿನಗಳನ್ನೂ ಇಲ್ಲಿ ಎತ್ತುವುದಿಲ್ಲ. ಹಗಲು ರಾತ್ರಿ ಪಕ್ಕದಲ್ಲಿದ್ದವಳು ನೀನು. ನಿನಗೆ ನಾನೇನು ಹೇಳೋದು.

ಆದರೆ ಮೂರನೇ ಪುಟದ ಕೊನೆಯಲ್ಲಿ ಏನೋ ಬರೆದು, ಆಮೇಲೆ ಗೆರೆ ಎಳೆದು ಹೊಡೆದುಹಾಕಿದ್ದೀಯಲ್ಲ, ಅದನ್ನು ಓದಿಬಿಟ್ಟೆ. ಜೀವನವೆಲ್ಲ ಮಕ್ಕಳ ನೋಟ್‌ಬುಕ್ ತಿದ್ದಿದವನು ನಾನು. ಹೊಡೆದುಹಾಕಿದ್ದನ್ನೇ ಮೊದಲು ಓದುವ ಚಟ. ಏನು ಮಾಡೋದು.

"ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಎಂಬತ್ತರ ಮೇಲಾಗಿರಬೇಕು. ಬಾಯಿ ತುಂಬ ಎಲೆಅಡಿಕೆ. ಯಾರ ಜೊತೆಗೋ ನಗ್ತಾ ಮಾತಾಡ್ತಿದ್ದಳು. ಇವಳಿಗೆ ಯಾಕೆ ಬರಲಿಲ್ಲ, ಇವಳು ಹೋಗಬಾರದಿತ್ತಾ ಅನ್ನಿಸ್ತು ಮಾವ. ನಾನು ಕೆಟ್ಟವಳಾಗಿಬಿಟ್ಟೆನಾ?"

ಓದಿ ಮಡಿಚಿಟ್ಟೆ. ಮತ್ತೆ ತೆಗೆದು ಓದಿದೆ. ಆ ಅಜ್ಜಿಯನ್ನು ಕಂಡು ನಿನಗೆ ಹಾಗೆ ಅನ್ನಿಸಿದ್ದು ನನ್ನನ್ನು ಅಷ್ಟು ಹೆದರಿಸಲಿಲ್ಲ. ಕೊನೆಗೆ ಕೇಳಿದ್ದೀಯಲ್ಲ, ಆ ಪ್ರಶ್ನೆ ಹೆದರಿಸಿತು. ಅಮ್ಮ ಕ್ಯಾನ್ಸರಿನಲ್ಲಿ ಹೋದ ದುಃಖದ ಮೇಲೆ ಇದನ್ನೂ ಹೊತ್ತುಕೊಂಡು, ಗಂಡನಿಗೂ ಹೇಳದೆ ಓಡಾಡ್ತಿದ್ದೀಯ ಅಂತ ಗೊತ್ತಾಯ್ತು. ಹೊಡೆದುಹಾಕಿದ್ದು ಅದಕ್ಕೇ ತಾನೇ?

ಇಲ್ಲ ಪುಟ್ಟಿ, ನೀನು ಕೆಟ್ಟವಳಾಗಿಲ್ಲ. ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಬರೆದು ಕಳಿಸಿದರೆ ನೀನು ನಂಬೋದಿಲ್ಲ. ಮಾವ ಸುಮ್ನೆ ಸಮಾಧಾನ ಹೇಳ್ತಾನೆ ಅಂದುಕೊಳ್ತೀಯ. ಅದಕ್ಕೇ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ಕಾಗದ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡ. ಒಂದೇ ಸಲಕ್ಕೆ ಓದಬೇಕು ಅಂತೇನೂ ಇಲ್ಲ.

ನನ್ನ ಹೆಂಡತಿ, ನಿಮ್ಮತ್ತೆ, ಹೋದಾಗ ನೀನು ಒಂದನೇ ಕ್ಲಾಸಿನಲ್ಲಿದ್ದೆ. 2000ನೇ ಇಸವಿ. ತೆಂಗಿಗೆಲ್ಲ ನುಸಿ ಬಿದ್ದಿದ್ದ ಕಾಲ. ಕಾಯಿಗಳೆಲ್ಲ ಮುಷ್ಟಿ ಗಾತ್ರ, ಮೇಲೆಲ್ಲ ಕಂದು ಬಿರುಕು. ಊರಿನವರೆಲ್ಲ ತೋಟದ ಚಿಂತೆಯಲ್ಲಿದ್ದರೆ ನಾನು ಅವಳನ್ನು ಕರೆದುಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿದ್ದೆ. 1973ರಲ್ಲಿ ಶುರುವಾದ ಆಸ್ಪತ್ರೆ ಅದು. ನಮ್ಮ ಕಡೆಯವರಿಗೆ ಆಗ ಈ ಕಾಯಿಲೆ ಅಂದರೆ ಅದೊಂದೇ ಹೆಸರು. ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸೋಕೆ ಅಂತ ವಾರಗಟ್ಟಲೆ ಧರ್ಮಶಾಲೆಯಲ್ಲೇ ಇದ್ದೆವು. ರಾಯಚೂರಿನವರು, ಮದನಪಲ್ಲಿಯವರು, ಕೃಷ್ಣಗಿರಿ ಕಡೆಯವರು, ಎಲ್ಲ ಇದ್ದರು. ಸಂಜೆ ಹೊರಗೆ ಕೂತರೆ ಪರಿಚಯ ಶುರುವಾಗ್ತಿದ್ದದ್ದೇ "ನಿಮ್ಮವರಿಗೆ ಎಲ್ಲಿ?" ಅನ್ನೋ ಪ್ರಶ್ನೆಯಿಂದ. ಬಾಯಿ ಅಂದವರನ್ನು ಮುಂದೆ ಕೇಳೋದೇ ಬೇಕಿರಲಿಲ್ಲ. ಹೊಗೆಸೊಪ್ಪು, ಇಲ್ಲ ಕಡ್ಡಿಪುಡಿ, ಇಲ್ಲ ಗುಟ್ಕಾ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ನಿಮ್ಮತ್ತೆಗೆ ಹೊಗೆಸೊಪ್ಪು ಕಲಿಸಿದ್ದು ನನ್ನ ಅವ್ವ, ನಿಮ್ಮಜ್ಜಿ. ಮದುವೆಯಾಗಿ ಬಂದಾಗ ಅವಳು ಊಟದ ಮೇಲೆ ಬರೀ ಎಲೆಅಡಿಕೆ ಹಾಕುವವಳು, ಅದೂ ದಿನಾ ಇಲ್ಲ. ನಮ್ಮ ಮಗ ಮಂಜು ಹುಟ್ಟಿದಾಗಿನ ಬಾಣಂತನದಲ್ಲಿ ಹಲ್ಲುನೋವು ಬಂತು. "ಒಂದು ಚೂರು ಹೊಗೆಸೊಪ್ಪು ದವಡೆಗೆ ಇಟ್ಕೋ, ಹೋಗ್ತದೆ" ಅಂದಳು ಅವ್ವ. ಪ್ರೀತಿಯಿಂದಲೇ ಅಂದದ್ದು. ಅವಳಿಗೂ ಅವಳ ಅತ್ತೆ ಹಾಗೇ ಹೇಳಿಕೊಟ್ಟಿದ್ದು. ಹಲ್ಲುನೋವು ಹೋಯ್ತು, ಹೊಗೆಸೊಪ್ಪು ಉಳಿಯಿತು.

ಈಗ ನೀನು ಬರೆದದ್ದಕ್ಕೆ ಬರ್ತೀನಿ. ನಿಮ್ಮತ್ತೆಗೆ ಕೊನೆಗೆ ಬಾಯಿ ತೆರೆಯೋಕೂ ಆಗ್ತಿರಲಿಲ್ಲ. ಗಂಜಿಯ ತಿಳಿ ಚಮಚದಲ್ಲಿ ಬಿಡಬೇಕಿತ್ತು. ಅದೇ ಹೊತ್ತಿಗೆ ಪಡಸಾಲೆಯಿಂದ ಕುಟ್ಟಾಣಿ ಸದ್ದು. ಅವ್ವ ಕಂಬಕ್ಕೆ ಒರಗಿ ಎಲೆಅಡಿಕೆ ಕುಟ್ಟುತ್ತಿದ್ದಳು. ಆಗ ಅವಳಿಗೆ ಅರವತ್ತೈದರ ಹತ್ತಿರ. ಹದಿನಾರನೇ ವಯಸ್ಸಿನಿಂದ ಬಾಯಿಗೆ ಹೊಗೆಸೊಪ್ಪು ಹಾಕಿಕೊಂಡು ಬಂದವಳು. ಬಾಯಲ್ಲಿ ಒಂದು ಗುಳ್ಳೆ ಇಲ್ಲ. ಈ ಕೋಣೆಯಲ್ಲಿ ನಲವತ್ತು ವರ್ಷದವಳು ಮಲಗಿದ್ದಾಳೆ. ನಾನು ಏನು ಅಂದುಕೊಂಡೆ ಅಂತ ನಾನು ಹೇಳೋದೇ ಬೇಡ. ನೀನು ಬರೆದು ಹೊಡೆದುಹಾಕಿದ್ದನ್ನೇ ಅಂದುಕೊಂಡೆ. ನನ್ನನ್ನು ಹೆತ್ತವಳ ಬಗ್ಗೆ.

ಒಂದು ಸಲ ಅಲ್ಲ, ದಿನಾ. ಶಾಲೆಗೆ ಸೈಕಲ್ ತುಳಿಯುವಾಗ, ಮಕ್ಕಳಿಗೆ ಮಗ್ಗಿ ಹೇಳಿಸುವಾಗ. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಯಾರಿಗೆ? ನನ್ನ ತಂಗಿ, ನಿಮ್ಮಮ್ಮ ಜಯಾಗೆ ಹೇಳಬಹುದಿತ್ತೇನೋ. ಅವಳು ಚಿಕ್ಕವಳು, ಮದುವೆಯಾಗಿ ಹೋದವಳು, ಅವಳಿಗೆ ಯಾಕೆ ಅಂತ ಸುಮ್ಮನಾದೆ. ಈಗ ಅನ್ನಿಸುತ್ತೆ, ಅವಳು ಕೇಳಿಸಿಕೊಳ್ತಿದ್ದಳು. ಬೈದಾದರೂ ಕೇಳಿಸಿಕೊಳ್ತಿದ್ದಳು.

ನೀನು ಕಾಗದದಲ್ಲಿ ಬರೆದೆಯಲ್ಲ, ಹೊಡೆದುಹಾಕಿದರೂ ಪರವಾಗಿಲ್ಲ, ಅಷ್ಟರ ಮಟ್ಟಿಗೆ ನನಗಿಂತ ಮುಂದಿದ್ದೀಯ.

ನಾನು ಮಾಡಿದ್ದು ಏನು ಅಂದರೆ ಅವ್ವನ ಕೈಯ ಊಟ ಬಿಟ್ಟೆ. ಜಗಳ ಆಡಲಿಲ್ಲ. ತಟ್ಟೆ ಇಟ್ಟರೆ "ಹಸಿವಿಲ್ಲ" ಅನ್ನೋದು. ಅವಳು ಮಲಗಿದ ಮೇಲೆ ನಾನೇ ಎದ್ದು ಮುದ್ದೆ ಮುರಿದುಕೊಂಡು ತಿನ್ನೋದು. ಅವಳಿಗೆ ಗೊತ್ತಾಗ್ತಿತ್ತು. ಅವಳೇನು ಪೆದ್ದಿಯೇ? ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಹೀಗೇ ವರ್ಷಗಳು ಹೋದವು. ನಿಮ್ಮತ್ತೆಯನ್ನು ನೆನೆದು ಕೂರಬೇಕಾದ ಹೊತ್ತನ್ನೆಲ್ಲ ಅವ್ವನ ಮೇಲಿನ ಸಿಟ್ಟಿಗೆ ಕೊಟ್ಟೆ. ಈಗ ಅವಳ ನಗು ಹೇಗಿತ್ತು ಅಂತ ಜ್ಞಾಪಿಸಿಕೊಳ್ಳೋಕೆ ಹೋದರೆ ಮೊದಲು ಕೇಳಿಸೋದು ಆ ಕುಟ್ಟಾಣಿ ಸದ್ದು. ನಿನಗೆ ಹಾಗಾಗಬಾರದು ಅನ್ನೋದೇ ನನ್ನ ಭಯ. ಬಸ್ ಸ್ಟ್ಯಾಂಡಿನ ಅಜ್ಜಿಗೆ ನಿನ್ನ ಸಿಟ್ಟಿನಿಂದ ಏನೂ ಆಗೋದಿಲ್ಲ. ಅವಳು ಬಸ್ ಹತ್ತಿ ಊರಿಗೆ ಹೋಗಿ ಆರಾಮಾಗಿ ಮಲಗಿರ್ತಾಳೆ. ನೀನು ಮಾತ್ರ ಇನ್ನೂ ಅಲ್ಲೇ ಕೂತಿದ್ದೀಯ.

ಸಿಟ್ಟು ಬರಬಾರದು ಅಂತ ಹೇಳ್ತಿಲ್ಲ. ನನಗೆ ಇವತ್ತಿಗೂ ಒಂದು ಸಿಟ್ಟು ಇದೆ, ಅದನ್ನು ಬಿಡುವುದೂ ಇಲ್ಲ. ನೀನು ನಿಮ್ಮಮ್ಮನಿಗೆ ನಾಲ್ಕು ಗಂಟೆಗೊಂದು ಮಾತ್ರೆ ಕೊಡ್ತಿದ್ದೆಯಲ್ಲ, ಅಲಾರಂ ಇಟ್ಟುಕೊಂಡು, ಆ ಮಾರ್ಫಿನ್. ನಿಮ್ಮತ್ತೆಗೆ ಅದು ಸಿಗಲಿಲ್ಲ. ಅಂಥದ್ದೊಂದು ಇದೆ ಅಂತಲೇ ನನಗೆ ಯಾರೂ ಹೇಳಲಿಲ್ಲ. ಮಾದಕ ವಸ್ತುಗಳ ಕಾನೂನು ಅಂತ 1985ರಲ್ಲಿ ಬಂತು. ಅದರ ಲೈಸೆನ್ಸು, ಲೆಕ್ಕ, ಶಿಕ್ಷೆಯ ಭಯಕ್ಕೆ ಎಷ್ಟೋ ಆಸ್ಪತ್ರೆ, ಅಂಗಡಿಗಳು ಮಾರ್ಫಿನ್ ಇಡೋದನ್ನೇ ಬಿಟ್ಟವಂತೆ. 2014ರಲ್ಲಿ ಪಾರ್ಲಿಮೆಂಟು ಆ ಕಾನೂನನ್ನು ತಿದ್ದಿ ಸ್ವಲ್ಪ ಸುಲಭ ಮಾಡಿತು. ಇದನ್ನು ನಾನು ಪೇಪರಿನಲ್ಲಿ ಓದಿದ್ದು ತೋಟದ ಕಟ್ಟೆಯ ಮೇಲೆ ಕೂತು. ದುಬಾರಿ ಔಷಧಿಯೂ ಅಲ್ಲ ಅದು. ಆ ರಾತ್ರಿಗಳಲ್ಲಿ ಅವಳು ಗೋಡೆಗೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದದ್ದು ನೆನಪಾಗಿ ಪೇಪರ್ ಹರಿದುಹಾಕಿದೆ. ಅಂಥ ಸಿಟ್ಟು ಇರಲಿ. ಅದರಿಂದಲೇ ಜಯಾಗೆ ನೋವು ಶುರುವಾದಾಗ ಡಾಕ್ಟರ ಮುಂದೆ ನಾಚಿಕೆ ಬಿಟ್ಟು "ನೋವಿನ ಮಾತ್ರೆ ಕೊಡ್ತೀರೋ ಇಲ್ವೋ" ಅಂತ ಕೇಳಿದ್ದು ನಾನು. ನೀನು ಆಗ ನನ್ನ ಶರ್ಟು ಹಿಡಿದು ಎಳೆದೆ.

ನಿಮ್ಮತ್ತೆಗೆ ಬಂದಾಗ ಬೈಯೋದಕ್ಕೆ ನನಗೆ ಹೊಗೆಸೊಪ್ಪು ಇತ್ತು, ಅವ್ವ ಇದ್ದಳು, ಆಮೇಲೆ ಈ ಕಾನೂನು ಸಿಕ್ಕಿತು. ನಿನ್ನ ಕಷ್ಟ ಬೇರೆ. ಜಯಾ ಮದುವೆ ಮನೆಯಲ್ಲೂ ತಾಂಬೂಲ ಬಾಯಿಗೆ ಹಾಕಿದವಳಲ್ಲ. ಮನೆಗೆ ತಂದು ಪಕ್ಕದ ಮನೆಯ ಮುದುಕನಿಗೆ ಕೊಡ್ತಿದ್ದಳು. ಯಾರನ್ನು ಬೈತೀಯ? ಬೈಯೋದಕ್ಕೆ ಯಾರೂ ಸಿಗದಿದ್ದರೆ ಸಿಟ್ಟು ಎದುರಿಗೆ ಸಿಕ್ಕವರ ಮೇಲೆ ಬೀಳುತ್ತೆ. ಆ ದಿನ ಸಿಕ್ಕವಳು ಆ ಅಜ್ಜಿ.

ತಿಥಿಗೆ ಬಂದವರು ಕಾರಣ ಹುಡುಕಿದ್ದನ್ನು ನೀನೂ ಕೇಳಿಸಿಕೊಂಡೆ. ಕುಕ್ಕರ್ ಅನ್ನ, ಪ್ಲಾಸ್ಟಿಕ್ ಡಬ್ಬಿ, ಬೋರ್‌ವೆಲ್ ನೀರು, ಫಾರಂ ಕೋಳಿ. ಯಾರೋ ಒಬ್ಬಾಕೆ "ಒಳ್ಳೆಯವರನ್ನೇ ದೇವರು ಬೇಗ ಕರ್ಕೊಳ್ಳೋದು" ಅಂದಳು. ನೀನು ಎದ್ದು ಹಿತ್ತಲಿಗೆ ಹೋದೆ. ನನಗೆ ನಗು ಬಂತು, ಇಂಥ ಹೊತ್ತಿನಲ್ಲಿ ನಗಬಾರದು ಅಂತ ಮುಖ ತಿರುಗಿಸಿಕೊಂಡೆ. ಹಾಗಾದರೆ ಅಲ್ಲಿ ಪಾಯಸ ಬಡಿಸಿಕೊಳ್ತಿದ್ದ ನಾವೆಲ್ಲ ಏನು?

ಜಯಾಳ ವಾರ್ಡಿನಲ್ಲಿದ್ದ ಚಿಕ್ಕ ಡಾಕ್ಟರಮ್ಮನನ್ನು ಒಂದು ಸಲ ನಾನೇ ಕೇಳಿದೆ. ಯಾಕಮ್ಮ ಬಂತು ಇವಳಿಗೆ ಅಂತ. ಪಾಪ, ಡ್ಯೂಟಿ ಮುಗಿದಿದ್ದರೂ ನಿಂತುಕೊಂಡು ಹೇಳಿದಳು. ಮೈಯಲ್ಲಿರುವ ಒಂದು ಜೀವಕೋಶ ಎರಡಾಗುವಾಗ ಒಳಗಿರುವುದನ್ನೆಲ್ಲ ನಕಲು ಮಾಡಿಕೊಳ್ಳುತ್ತಂತೆ. ನಕಲಿನಲ್ಲಿ ತಪ್ಪಾಗುತ್ತೆ. ಹೆಚ್ಚಿನದನ್ನು ಮೈಯೇ ತಿದ್ದಿಕೊಳ್ಳುತ್ತೆ. ತಿದ್ದದೆ ಉಳಿದವು ಎಷ್ಟೋ ವರ್ಷಗಳಲ್ಲಿ ಒಂದೇ ಕಡೆ ಸೇರಿದರೆ ಗಂಟು. ಹೊಗೆಸೊಪ್ಪಿನಂಥದ್ದು ಆ ತಪ್ಪುಗಳನ್ನು ಜಾಸ್ತಿ ಮಾಡುತ್ತೆ. ವಯಸ್ಸಾದಂತೆ ಜಾಸ್ತಿ ಆಗುತ್ತೆ. ಆದರೆ ಯಾವ ಕಾರಣವೂ ಇಲ್ಲದೆ, ಸುಮ್ನೆ ಆಗೋದೂ ಇದೆ. ಮೇಷ್ಟ್ರಿಗೆ ಇದು ಬೇಗ ಅರ್ಥವಾಯ್ತು. ಬೋರ್ಡ್ ಮೇಲೆ ಬರೆದದ್ದನ್ನು ನಲವತ್ತು ಮಕ್ಕಳು ಇಳಿಸಿಕೊಂಡರೆ, ಚೆನ್ನಾಗಿ ಓದುವ ಹುಡುಗಿಯ ಪುಸ್ತಕದಲ್ಲೂ ಒಂದು ಒತ್ತಕ್ಷರ ಬಿಟ್ಟುಹೋಗಿರುತ್ತೆ. ಅರ್ಥವಾಯ್ತು ಅಷ್ಟೇ. ಸಮಾಧಾನ ಆಗಲಿಲ್ಲ. ನಿನಗೂ ಆಗಬೇಕಾಗಿಲ್ಲ.

ಆ ಅಜ್ಜಿಯ ವಿಷಯದಲ್ಲಿ ಇನ್ನೊಂದು ಇದೆ. ನೀನು ಅವಳನ್ನು ನೋಡಿ ಸಿಟ್ಟಾದೆ. ನಮ್ಮ ಕಡೆ ಅಡಿಕೆ ಮಾತು ಬಂದರೆ ಅದೇ ಅಜ್ಜಿಯನ್ನು ಸಾಕ್ಷಿಗೆ ಕರೀತಾರೆ. "ನಮ್ಮಜ್ಜಿ ತೊಂಬತ್ತು ವರ್ಷ ಎಲೆಅಡಿಕೆ ತಿಂದು ಬದುಕಲಿಲ್ವಾ?" ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1985ರಲ್ಲೇ ಹೇಳಿತ್ತು. 2004ರಲ್ಲಿ ಬರೀ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು. 2013ರಲ್ಲಿ ನಮ್ಮ ಸರ್ಕಾರ ಗುಟ್ಕಾ ನಿಲ್ಲಿಸಿತು. ಒಂದೊಂದು ಸಲವೂ ಸೊಸೈಟಿಯಲ್ಲಿ ಇದೇ ಗಲಾಟೆ, ಇದೇ ಅಜ್ಜಿ. ನಾನು ಬಾಯಿ ಬಿಡ್ತಿರಲಿಲ್ಲ. ನನ್ನ ತೋಟದಲ್ಲೂ ಇರುವುದು ಅಡಿಕೆಯೇ ಅಲ್ವಾ. ಅದರ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ ದುಡ್ಡಿನಲ್ಲೇ ಮಂಜು ಓದಿದ್ದು. ಜಯಾಳ ಮದುವೆ ಮಾಡಿದ್ದೂ ಅದರಲ್ಲೇ. ನಿಮ್ಮತ್ತೆಯ ಆಸ್ಪತ್ರೆ ಖರ್ಚೂ ಅದರಲ್ಲೇ ನಡೆಯಿತು. ಇದನ್ನು ಎಲ್ಲಿಗೆ ಸೇರಿಸಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಮರ ಕಡಿಯುವ ಧೈರ್ಯ ಬರಲಿಲ್ಲ, ಸಾಲದ್ದಕ್ಕೆ ಹೋದ ವರ್ಷ ಸಸಿಯನ್ನೂ ಇಟ್ಟೆ. ಹೋಗಲಿ ಬಿಡು. ನನ್ನ ಸಂಕಟ ನಿನ್ನ ತಲೆಗೆ ಯಾಕೆ. ಎಲ್ಲೆಲ್ಲಿಗೋ ಹೋದೆ.

ಕೇಳಬೇಕೋ ಬೇಡವೋ ಅಂತ ಬಹಳ ಯೋಚಿಸಿ ಈಗ ಕೇಳ್ತಿದ್ದೀನಿ. ಬಸ್ ಸ್ಟ್ಯಾಂಡಿನಲ್ಲಿ ನೀನು ನೋಡಿದ್ದು ನಿಜವಾಗಿ ಆ ಅಜ್ಜಿಯನ್ನೇ? ನಿಮ್ಮಜ್ಜಿಯನ್ನಾ?

ಹಾಲುತುಪ್ಪದ ದಿನ ನೀನು ಅವ್ವನ ಪಕ್ಕದಲ್ಲಿ ಕೂರಲಿಲ್ಲ. ತಿಥಿಯ ದಿನ ಅವಳು ನಿನ್ನ ಕೈ ಹಿಡಿದರೆ ಬಿಡಿಸಿಕೊಂಡೆ. ಆಮೇಲೆ ಈ ಕಡೆ ಬಂದೇ ಇಲ್ಲ. ಫೋನಿನಲ್ಲಿ ಎಲ್ಲರನ್ನೂ ವಿಚಾರಿಸ್ತೀಯ, ಹಸು ಕರು ಹಾಕಿತಾ ಅಂತಲೂ ಕೇಳ್ತೀಯ, ಅವಳ ಹೆಸರು ಎತ್ತೋದಿಲ್ಲ. ನಾನು ಇದನ್ನೆಲ್ಲ ಗಮನಿಸಿದ್ದು ತಪ್ಪು ಹುಡುಕೋಕೆ ಅಲ್ಲ. ನಾನೇ ಆ ದಾರಿಯಲ್ಲಿ ಹೋಗಿ ಬಂದವನಾದ್ದರಿಂದ ಕಣ್ಣಿಗೆ ಬಿತ್ತು.

ಅವ್ವನಿಗೆ ಈಗ ಎಂಬತ್ತೊಂಬತ್ತು. ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆ ಹೊತ್ತಿಗೆ ಎದ್ದು ಕೂತು ಮನೆದೇವರನ್ನು ಬೈತಾಳೆ. "ನಾನು ಕಾಣಿಸಲಿಲ್ವಾ ನಿನಗೆ? ಇಲ್ಲೇ ಕೂತಿದ್ನಲ್ಲೋ. ನನ್ನ ಬಿಟ್ಟು ನನ್ನ ಮಗೂನ ಕರ್ಕೊಂಡ್ಯಲ್ಲ, ನಿನ್ನ ಮನೆ ಹಾಳಾಗ." ಪಕ್ಕದ ಮನೆಯವರಿಗೂ ಕೇಳಿಸುತ್ತೆ. ಮೊದಮೊದಲು ಸುಮ್ಮನಿರು ಅಂತಿದ್ದೆ. ಈಗ ಅನ್ನೋದಿಲ್ಲ. ನಿನ್ನ ಕಾಗದ ಓದಿದ ರಾತ್ರಿ ಅವಳ ಮಾತು ಕೇಳ್ತಾ ಮಲಗಿದ್ದೆ. ನೀನು ಯಾರಿಗೂ ಗೊತ್ತಾಗಬಾರದು ಅಂತ ಹೊಡೆದುಹಾಕಿದ್ದನ್ನು ಅವಳು ದಿನಾ ರಾತ್ರಿ ಜೋರಾಗಿ ಹೇಳ್ತಿದ್ದಾಳೆ. ತನ್ನ ಬಗ್ಗೆಯೇ ಹೇಳ್ತಿದ್ದಾಳೆ. ಈ ಒಂದು ವಿಷಯದಲ್ಲಿ ಅಜ್ಜಿ ಮೊಮ್ಮಗಳು ಇಬ್ಬರದೂ ಒಂದೇ ಮಾತು.

ಹಾಗಂತ ಅವಳು ಸಂಚಿ ಬಿಟ್ಟಿದ್ದಾಳೆ ಅಂದುಕೊಳ್ಳಬೇಡ. ಬಿಟ್ಟಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕುಟ್ಟಾಣಿ. ಹೇಳಿದರೆ "ಇನ್ನು ನಂಗೇನೋ ಆಗೋದು" ಅಂತಾಳೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮತ್ತೆ, ಆ ಲೆಕ್ಕದಲ್ಲಿ ನಾನೂ ಬರ್ತೀನಲ್ಲ. ನನಗೆ ಎಪ್ಪತ್ತು. ನಾನು ಪಿಯುಸಿ ಓದುವಾಗ ಹುಟ್ಟಿದವಳು ಜಯಾ. ಎತ್ತಿಕೊಂಡು ಗುಬ್ಬಿ ಜಾತ್ರೆ ತೋರಿಸಿದವನು ನಾನು. ನಿನ್ನ ಸಾಲು ಓದಿದಾಗ ನನ್ನನ್ನೂ ಸೇರಿಸಿ ಬರೆದಿದ್ದಾಳಾ ಅನ್ನಿಸದೆ ಇರಲಿಲ್ಲ. ಸೇರಿಸಿದ್ದರೂ ನನಗೆ ಬೇಜಾರಿಲ್ಲ. ನಿಜವಾಗಿ ಇಲ್ಲ. ಬೇಕಾದರೆ ಫೋನ್ ಮಾಡಿ ನನ್ನನ್ನೇ ಬೈ. ರಾತ್ರಿ ಒಂಬತ್ತರ ಮೇಲೆ ಮಾಡು, ಅಲ್ಲಿಯವರೆಗೆ ತೋಟಕ್ಕೆ ತ್ರೀ ಫೇಸ್ ಕರೆಂಟ್ ಇರುತ್ತೆ, ಮೋಟರ್ ಹತ್ತಿರ ಇರ್ತೀನಿ.

ನನ್ನ ಸಿಟ್ಟು ಹೇಗೆ ಮುಗಿಯಿತು ಅಂತ ಕೇಳಿದರೆ ಹೇಳೋಕೆ ನಾಚಿಕೆ. ಬುದ್ಧಿ ಬಂದು ಮುಗಿಯಲಿಲ್ಲ. 2006ರಲ್ಲಿ ರಾಜ್ಯದಲ್ಲೆಲ್ಲ ಚಿಕೂನ್‌ಗುನ್ಯಾ ಬಂತಲ್ಲ, ನಮ್ಮ ಮನೆಯಲ್ಲಿ ನಾನೂ ಅವ್ವನೂ ಇಬ್ಬರೂ ಬಿದ್ದೆವು. ಮಂಜು ಬೆಂಗಳೂರಿನಲ್ಲಿದ್ದ. ಮಂಡಿ ಮಡಚೋಕೆ ಆಗಲ್ಲ, ಲೋಟ ಹಿಡಿಯೋಕೆ ಆಗಲ್ಲ. ಅವ್ವ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅದೇನೋ ಮಾಡಿ ರಾಗಿ ಅಂಬಲಿ ಕಾಸಿಕೊಂಡು ಬಂದು ನನ್ನ ಮುಂದೆ ಇಟ್ಟಳು. ಹಸಿವಿಲ್ಲ ಅನ್ನಬೇಕಿತ್ತು. ಹಸಿವು ವಿಪರೀತ ಇತ್ತು. ಕುಡಿದುಬಿಟ್ಟೆ. ಅವಳು ಏನೂ ಹೇಳಲಿಲ್ಲ, ಮಾರನೆಯ ದಿನವೂ ತಂದಳು. ಅಷ್ಟೇ. ಅಲ್ಲಿಗೆ ಮುಗಿಯಿತು ಅಂತಲೂ ಹೇಳಲಾರೆ. ಆದರೆ ತಟ್ಟೆ ಮುಂದೆ ಕೂರೋದು ಶುರುವಾಯ್ತು. ಅದಕ್ಕೆ ಆರು ವರ್ಷ ಹಿಡಿಯಿತಲ್ಲ ಅನ್ನೋದು ಈಗಲೂ ಕೊರೆಯುತ್ತೆ. ಹಾಗಾಗಿ ಅವ್ವನ ಜೊತೆ ನಾಳೆಯೇ ಮಾತಾಡು ಅಂತ ನಾನು ಹೇಳಲಾರೆ. ಹೇಳುವ ಹಕ್ಕು ನನಗಿಲ್ಲ. ಅವಳ ವಯಸ್ಸು ಎಷ್ಟು ಅಂತ ಮಾತ್ರ ಇನ್ನೊಂದು ಸಲ ನೋಡಿಕೋ.

ನೀನು ಸಿಟ್ಟು ಬಂದರೆ ನೀನೇ ಅಲ್ಲ ಅನ್ನೋ ಹಾಗೆ ಬರೆದಿದ್ದೀಯ. ಅದನ್ನೂ ನಾನು ಒಪ್ಪೋದಿಲ್ಲ. ತಿಥಿಯಲ್ಲಿ ಎಲ್ಲರೂ ಜಯಾ ಶಾಂತ ಸ್ವಭಾವದವಳು, ಯಾರಿಗೂ ಎದುರು ಮಾತಾಡಿದವಳಲ್ಲ ಅಂದರು. ಯಾವ ಜಯಾ ಅದು? ಚಿಲ್ಲರೆ ಕೊಡಲಿಲ್ಲ ಅಂತ ಕಂಡಕ್ಟರನ್ನು ನಿಟ್ಟೂರಿನಿಂದ ಗುಬ್ಬಿಯವರೆಗೂ ಬೈದುಕೊಂಡು ಬಂದವಳು. ಇಳಿಯುವಾಗ ಪಾಪ ಅವನು ಎರಡು ರೂಪಾಯಿ ಜಾಸ್ತಿಯೇ ಕೊಟ್ಟ. ನಿನ್ನನ್ನು ಸೈನ್ಸ್ ಓದಿಸೋದು ಬೇಡ ಅಂದ ನಿಮ್ಮ ತಾತನ ಜೊತೆ ಒಂದು ತಿಂಗಳು ಮಾತು ಬಿಟ್ಟವಳು. ನಿನ್ನ ಮೂಗಿನ ತುದಿಯ ಸಿಟ್ಟು ಎಲ್ಲಿಂದ ಬಂತು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸತ್ತವರನ್ನು ಸಾಧು ಮಾಡಿಬಿಟ್ಟರೆ ನಮಗೆ ನೆನೆಯೋಕೆ ಏನೂ ಉಳಿಯೋದಿಲ್ಲ.

ಇನ್ನು ಕೆಲವು ಸಣ್ಣಪುಟ್ಟದ್ದು. ಮುದುಕನ ಉಪದೇಶ ಅಂದುಕೊಂಡು ಬೇಕಾದ್ದು ತಗೋ, ಬೇಡವಾದದ್ದು ಬಿಡು.

ರಾತ್ರಿ ಊಟ ಬಿಡಬೇಡ. ಅಳಿಯಂದಿರು ಹೇಳಿದರು, ಬರೀ ಕಾಫಿ ಕುಡಿದು ಮಲಗ್ತೀಯಂತೆ. ಹೊಟ್ಟೆ ಖಾಲಿ ಇದ್ದರೆ ಈ ಥರದ ಯೋಚನೆ ಜಾಸ್ತಿ.

14416 ಅಂತ ಒಂದು ನಂಬರ್ ಇದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಲ್ಲಿ ಶುರುವಾಯ್ತು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಯಾವ ಹೊತ್ತಿಗಾದರೂ ಮಾಡಬಹುದು. ನನ್ನ ಹತ್ತಿರ ಹೇಳಲಾಗದ್ದು ಏನಾದರೂ ಇದ್ದರೆ ಅಲ್ಲಿ ಹೇಳಬಹುದೇನೋ. ತಲೆ ಕೆಟ್ಟಿದೆ ಅಂತ ಹೇಳ್ತಿದ್ದಾನೆ ಅಂದುಕೊಳ್ಳಬೇಡ. ನನ್ನ ಕಾಲದಲ್ಲಿ ಇಂಥದ್ದು ಇದ್ದಿದ್ದರೆ ನಾನು ಮಾಡ್ತಿದ್ದೆನಾ? ಮಾಡ್ತಿರಲಿಲ್ಲ ಅನ್ಸುತ್ತೆ. ಆದರೂ ಬರೆದಿದ್ದೀನಿ.

ಆ ಮನೆಗೆ ಕ್ಯಾನ್ಸರ್ ಹಿಡಿದಿದೆ ಅಂತ ಯಾರೋ ಅಂದರಂತಲ್ಲ. ಕಿವಿಗೆ ಹಾಕಿಕೊಳ್ಳಬೇಡ. ನಿಮ್ಮತ್ತೆ ಹೊರಗಿನಿಂದ ಬಂದವಳು, ಅವಳ ರಕ್ತ ಬೇರೆ, ಕಾಯಿಲೆಯೂ ಬೇರೆ. ಸ್ತನದ ಕ್ಯಾನ್ಸರಿನಲ್ಲಿ ಹುಟ್ಟಿನಿಂದಲೇ ಬರುವ ದೋಷದಿಂದ ಆಗೋದು ನೂರಕ್ಕೆ ಐದರಿಂದ ಹತ್ತು ಅಷ್ಟೇ ಅಂತ ಆ ಡಾಕ್ಟರಮ್ಮ ಹೇಳಿದಳು. ಆದರೆ ತಾಯಿಗೆ ಬಂದಿದ್ದರೆ ಮಗಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು, ಎಚ್ಚರ ಬೇಕು ಅಂತಲೂ ಹೇಳಿದಳು. ಮ್ಯಾಮೋಗ್ರಾಂ ನಿನ್ನ ವಯಸ್ಸಿಗೆ ಈಗಲೇ ಬೇಡವೇನೋ. ಯಾವಾಗಿನಿಂದ ಅಂತ ಅವರೇ ಹೇಳಲಿ. ಒಂದು ಸಲ ತೋರಿಸಿಕೊಂಡು, ಅಮ್ಮನ ವಿಷಯ ಎಲ್ಲ ಹೇಳಿ, ಕೇಳಿಕೊಂಡು ಬಾ. ಅವಳ ಹಳೆಯ ರಿಪೋರ್ಟುಗಳನ್ನು ಸಿಟ್ಟಿನಲ್ಲಿ ಸುಟ್ಟುಹಾಕಬೇಡ, ಅವು ಬೇಕಾಗುತ್ತವೆ. ಹಾಗೇ ಪಾಪುಗೆ ಒಂಬತ್ತು ತುಂಬಿದ ಮೇಲೆ ಎಚ್‌ಪಿವಿ ಲಸಿಕೆ ಹಾಕಿಸು. ಅದು ಬೇರೆ ಕ್ಯಾನ್ಸರಿಗೆ, ಗರ್ಭಕಂಠದ್ದಕ್ಕೆ. ನಿನಗೆ ಗೊತ್ತೇ ಇರುತ್ತೆ. ಮರೆಯುವ ಮೊದಲು ಬರೆದೆ.

ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಯಾರಾದರೂ ಅಜ್ಜಿ ಕಂಡು ಮತ್ತೆ ಹಾಗೇ ಅನ್ನಿಸಿದರೆ ಅನ್ನಿಸಲಿ. ಅನ್ನಿಸುತ್ತೆ. ನನಗೂ ಮದುವೆ ಮನೆಗಳಲ್ಲಿ ಜೋಡಿಯಾಗಿ ಬರುವ ಮುದುಕ ಮುದುಕಿಯರನ್ನು ಕಂಡರೆ ಇವತ್ತಿಗೂ ಒಂದು ಗಳಿಗೆ ಏನೋ ಆಗುತ್ತೆ. ಅದಕ್ಕೆ ಹೆದರಿಕೊಂಡು ನಾನು ಎಂಥವಳು ಅಂತ ರಾತ್ರಿಯೆಲ್ಲ ಕೂರಬೇಡ. ಬರೆದು ಕಳಿಸು. ಹೊಡೆದುಹಾಕದೆ ಕಳಿಸು, ಕಣ್ಣು ಮೊದಲಿನ ಹಾಗಿಲ್ಲ, ಓದೋಕೆ ಕಷ್ಟ.

ಡಾಕ್ಟರ ಹತ್ತಿರ ಹೋಗುವ ದಿನ ಯಾವುದು ಅಂತ ಗೊತ್ತಾದರೆ ತಿಳಿಸು. ಬೆಳಗಿನ ರೈಲಿಗೆ ತುಮಕೂರಿಗೆ ಬರ್ತೀನಿ. ಒಳಗೆ ಬರೋದಿಲ್ಲ, ಹೊರಗೆ ಕೂತಿರ್ತೀನಿ. ಕೊಬ್ಬರಿ ಎಣ್ಣೆ ಮಾಡಿಸಿಟ್ಟಿದ್ದೀನಿ, ಅದನ್ನೂ ತರ್ತೀನಿ. ಅವ್ವನೂ ಬರ್ತೀನಿ ಅಂತ ಹಟ ಹಿಡಿದರೆ ಏನು ಮಾಡಲಿ ಅನ್ನೋದನ್ನು ಮಾತ್ರ ಮೊದಲೇ ಹೇಳಿಬಿಡು. ನೀನು ಬೇಡ ಅಂದರೆ ಬೇಡ, ಅವಳಿಗೆ ನಾನು ಏನಾದರೂ ಹೇಳಿಕೊಳ್ತೀನಿ.

ಇಂತಿ,
ನಿನ್ನ ಮಾವ